ಅವ್ವಗ ಎಲುಬಿನ ಗುಳಿಗಿ ಕೊಡಬೇಕೋ ಬ್ಯಾಡೋ?

ಪ್ರಶ್ನೆ (ಸದಸ್ಯೆ, ಕಲಬುರಗಿ):
ನಮಸ್ಕಾರ್ರಿ ಮೇಡಂ. ನಮ್ಮ ಅವ್ವಗ 68 ವರ್ಷ. ಎರಡು ವರ್ಷದ ಹಿಂದ ಬಚ್ಚಲದಾಗ ಜಾರಿಬಿದ್ದು ಮುಂಗೈ ಮುರ್ಕೊಂಡಿದ್ಳು. ಈಗ ಜ್ವಾಳದ ಚೀಲ ಸರಸ್ಲಿಕ್ಕಿ ಹೋಗಿ ಬೆನ್ನು ಹಿಡ್ಕೊಂಡದ. ಎಕ್ಸ್‌ರೇದಾಗ ಬೆನ್ನಿನ ಒಂದು ಮಣಿ ಕುಸಿದದ ಅಂದ್ರು. ಎಲುಬಿನ ಸಾಂದ್ರತಿ ಅಳಿಯೋ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ವಿ, ಹಿಪ್‌ದು ಟಿ-ಸ್ಕೋರ್ ಮೈನಸ್ 2.9 ಬಂತು (ಮೈನಸ್ ಹೆಚ್ಚಾದಷ್ಟು ಎಲುಬು ಸವೆದದ ಅಂತ). ಡಾಕ್ಟರ್ ವಾರಕ್ಕೊಂದು ಅಲೆಂಡ್ರೊನೇಟ್ 70 ಎಂಜಿ ಗುಳಿಗಿ ಬರ್ದಾರ. ಜೊತಿಗಿ ಕ್ಯಾಲ್ಸಿಯಂ, ವಿಟಮಿನ್ ಡಿ ಪುಡಿ.

ಅಷ್ಟರಾಗ ಪುಣೆದಾಗಿರೋ ನಮ್ಮ ಮಾಮಾ ಒಂದು ವಿಡಿಯೋ ಕಳಿಸ್ಯಾನ. ಈ ಗುಳಿಗಿ ನುಂಗಿದ್ರ ದವಡಿ ಎಲುಬು ಕೊಳಿತದ, ತೊಡಿ ಎಲುಬು ತಾನೇ ಮುರಿತದ ಅಂತದರಾಗ ಅದ. ಅವ್ವ ಅದನ್ನ ಪೂರಾ ನೋಡಿ, ಗುಳಿಗಿ ಡಬ್ಬಿ ಒಯ್ದು ದೇವರ ಜಗಲಿ ಮ್ಯಾಲ ಇಟ್ಟುಬಿಟ್ಟಾಳ. "ಎಲುಬು ಗಟ್ಟಿ ಮಾಡೋ ಗುಳಿಗೀನೇ ಎಲುಬು ಮುರಿತದಂದ್ರ ನನಗ್ಯಾಕ ಬೇಕವ್ವ ಅದು" ಅನ್ಲತ್ತಾಳ. ನಾ ಏನಂತ ಹೇಳ್ಲಿ?

ಡಾಕ್ಟರ್ (ಎಲುಬು-ಕೀಲು ತಜ್ಞೆ):
ತಂಗಿ, ಅವ್ವ ಕೇಳಿದ್ದರಲ್ಲಿ ತಪ್ಪೇನಿಲ್ಲ. ವಿಡಿಯೋದಲ್ಲಿ ಹೇಳಿದ ಎರಡೂ ತೊಂದರೆ ಖರೇನೇ ಇವೆ. ಎಷ್ಟು ಮಂದಿಗೆ ಆಗುತ್ತದೆ ಅನ್ನೋದೊಂದನ್ನು ಅದರಲ್ಲಿ ಹೇಳಿರಲಿಕ್ಕಿಲ್ಲ. ನಮ್ಮ ಕಡೆ ತೊಗರಿ ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಹಿಡಿದರೆ ಜಗಳ ಆಗುತ್ತದೆ. ಔಷಧಿ ವಿಷಯದಲ್ಲಿ ಮಾತ್ರ ದಿನಾ ಹಾಗೇ ಮಾಡುತ್ತೇವೆ. ಲಾಭ ಹೇಳುವವರು "ಮುರಿತ ಅರ್ಧಕ್ಕೆ ಇಳಿಯುತ್ತದೆ" ಅಂತಾರೆ. ಹೆದರಿಸುವವರು ಕೊಳೆತ ದವಡೆಯ ಫೋಟೋ ಒಂದು ತೋರಿಸ್ತಾರೆ. ಎರಡನ್ನೂ ಒಂದೇ ಸೇರಿನಿಂದ ಅಳೆಯೋಣ: ಅವ್ವನಂಥ ಸಾವಿರ ಹೆಂಗಸರು, ಮೂರು ವರ್ಷ.

1996ರಲ್ಲಿ ಇದೇ ಅಲೆಂಡ್ರೊನೇಟ್ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿದ್ದವರು ಎರಡು ಸಾವಿರ ಚಿಲ್ಲರೆ ಅಮೆರಿಕದ ಹೆಂಗಸರು. ಎಲ್ಲರಿಗೂ ಅವ್ವನ ಹಾಗೆ ಮೊದಲೇ ಬೆನ್ನುಮಣಿ ಕುಸಿದಿತ್ತು. ಹೋಲಿಸಿ ನೋಡಲಿಕ್ಕೆ ಕೊಟ್ಟ ಸಕ್ಕರೆ ಗುಳಿಗೆ (ಔಷಧಿ ಇಲ್ಲದ್ದು) ತಗೊಂಡವರಲ್ಲಿ ಸಾವಿರಕ್ಕೆ 150 ಮಂದಿಗೆ ಮೂರು ವರ್ಷದಲ್ಲಿ ಇನ್ನೊಂದು ಮಣಿ ಕುಸಿಯಿತು. ಖರೇ ಗುಳಿಗೆ ತಗೊಂಡವರಲ್ಲಿ 80 ಮಂದಿಗೆ. ಹಿಪ್, ಅಂದರೆ ತೊಡೆ ಸೊಂಟಕ್ಕೆ ಕೂಡುವಲ್ಲಿ ಮುರಿದದ್ದು ಸಾವಿರಕ್ಕೆ 22ರಿಂದ 11ಕ್ಕೆ ಇಳಿಯಿತು. ನೋಡಿ, ಗುಳಿಗೆ ತಗೊಂಡರೂ 80 ಮಂದಿಗೆ ಮಣಿ ಕುಸಿದೇ ಕುಸಿಯಿತು. ಮತ್ತು ಖರೇ ಗುಳಿಗೆ ತಗೊಳ್ಳದೆ ಇದ್ದರೂ 850 ಮಂದಿಗೆ ಹೊಸದಾಗಿ ಮಣಿ ಕುಸಿಯಲಿಲ್ಲ. ಇದನ್ನೂ ಅವ್ವಗೆ ಹೇಳಿ. ಮುಚ್ಚಿಟ್ಟರೆ ನಾಳೆ ನನ್ನ ಮಾತು ಯಾರೂ ನಂಬಲಿಕ್ಕಿಲ್ಲ.

ಈಗ ಅದೇ ಸೇರಿಗೆ ಅಪಾಯ ಹಾಕೋಣ. ಎಲುಬು ಸವೆತಕ್ಕೆ (ಆಸ್ಟಿಯೊಪೊರೋಸಿಸ್, ಅವ್ವಗೆ ಇರುವುದು ಇದೇ) ಕೊಡುವ ಪ್ರಮಾಣದಲ್ಲಿ ದವಡೆ ಎಲುಬು ಕೊಳೆಯುವುದು ವರ್ಷಕ್ಕೆ ಹತ್ತು ಸಾವಿರದಿಂದ ಲಕ್ಷ ಮಂದಿಯಲ್ಲಿ ಒಬ್ಬರಿಗೆ. ಸಾವಿರ ಹೆಂಗಸರು, ಮೂರು ವರ್ಷ ಅಂದರೆ ಒಬ್ಬರೂ ಸಿಗಲಿಕ್ಕಿಲ್ಲ. ವಿಡಿಯೋದ ಫೋಟೋಗಳು ಬಹಳಷ್ಟು ಕ್ಯಾನ್ಸರ್ ರೋಗಿಗಳವು. ಎಲುಬಿಗೆ ಹಬ್ಬಿದ ಕ್ಯಾನ್ಸರ್‌ಗೆ ಜೊಲೆಡ್ರೊನಿಕ್ ಆಸಿಡ್ ಅನ್ನು ಮೂರು-ನಾಲ್ಕು ವಾರಕ್ಕೊಮ್ಮೆ ಕೊಡುವ ರೂಢಿ. ಎಲುಬು ಸವೆತಕ್ಕಾದರೆ ಅದೇ ಔಷಧಿ ವರ್ಷಕ್ಕೊಂದೇ ಸಲ. ಪ್ರಮಾಣ ಬೇರೆ, ಅಪಾಯವೂ ಬೇರೆ.

ತೊಡೆಯದು ತುಸು ಗಂಭೀರ. ಅಲ್ಲಿ ನಮ್ಮ ಪಾಲು ಹೆಚ್ಚು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಎರಡು ಲಕ್ಷ ಹೆಂಗಸರ ದಾಖಲೆ ನೋಡಿ 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಏಷ್ಯಾ ಮೂಲದ ಹತ್ತು ಸಾವಿರ ಮಂದಿ ಮೂರು ವರ್ಷ ತಗೊಂಡರೆ 8 ಮಂದಿಗೆ ಹೀಗೆ ತೊಡೆ ಮುರಿಯಬಹುದು. ಅದೇ ಹತ್ತು ಸಾವಿರದಲ್ಲಿ 91 ಹಿಪ್ ಮುರಿತ ತಪ್ಪುತ್ತವೆ. ಬಿಳಿಯರಲ್ಲಿ ಅದು 2 ಮತ್ತು 149. ನಮ್ಮವರಲ್ಲಿ ಹೀಗೆ ತೊಡೆ ಮುರಿಯುವುದು ನಮ್ಮ ಸೇರಿನ ಲೆಕ್ಕಕ್ಕೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ವರ್ಷ ಕಳೆದಂತೆ ಇದು ಏರುತ್ತದೆ, ಐದು ವರ್ಷ ದಾಟಿದ ಮೇಲೆ ಜೋರಾಗಿ. ಅದಕ್ಕೇ ಈ ಗುಳಿಗೆ ಜೀವನಪೂರ್ತಿ ಅಲ್ಲ.

ಇನ್ನೊಂದು ಮಾತು. ತಕ್ಕಡಿಯ ಎರಡೂ ಕಡೆ "ಮುರಿತ"ವೇ ಇದ್ದರೂ ತೂಕ ಒಂದೇ ಅಲ್ಲ. ಹಿಪ್ ಮುರಿದುಕೊಂಡ ವಯಸ್ಸಾದವರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಹೋಗುತ್ತಾರೆ. ಉಳಿದವರಲ್ಲೂ ಬಹಳ ಮಂದಿ ಮತ್ತೆ ಮೊದಲಿನ ಹಾಗೆ ಹೊಲ-ಮನೆ ತಿರುಗುವುದಿಲ್ಲ. ಎರಡು ಮುರಿತ ಆಗಿಹೋದ, ಮೈನಸ್ 2.9 ಇರುವ ನಿಮ್ಮ ಅವ್ವ ನನ್ನ ಅವ್ವ ಆಗಿದ್ದರೆ ಕೊಡುತ್ತಿದ್ದೆ. ಶುರು ಮಾಡುವ ಮೊದಲು ಎರಡು ಪ್ರಶ್ನೆ: ಹಲ್ಲು ಹೇಗಿವೆ? ಕಿಡ್ನಿ ಪರೀಕ್ಷೆ ಆಗಿದೆಯೇ?

ಪ್ರಶ್ನೆ ಕೇಳಿದವರು:
ಕ್ರಿಯಾಟಿನಿನ್ 0.9 ಅದರಿ. ಹಲ್ಲಿಂದೇ ಕಷ್ಟ. ಎರಡು ದವಡಿ ಹಲ್ಲು ಅಲ್ಲಾಡ್ಲತ್ತಾವ, ಮ್ಯಾಲ ಎಲಿ-ಅಡಕಿ-ತಂಬಾಕ ಬಿಡಂಗಿಲ್ಲ. ಮತ್ತ ಎದ್ದ ಕೂಡ್ಲೇ ಚಾ ಬೇಕೇ ಬೇಕು.

ಡಾಕ್ಟರ್:
ಕಿಡ್ನಿ ಅಡ್ಡ ಬರುವ ಹಾಗೆ ಕಾಣುವುದಿಲ್ಲ. ಆದರೂ ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿಸಿಕೊಳ್ಳಿ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಂಕಿ) 35ಕ್ಕಿಂತ ಕೆಳಗಿದ್ದರೆ ಈ ಗುಳಿಗೆ ಕೊಡುವುದಿಲ್ಲ.

ಹಲ್ಲು ಮೊದಲು. ಕೀಳುವುದಿದ್ದರೆ ಈಗಲೇ ಕೀಳಿಸಿ, ವಸಡು ಪೂರ್ತಿ ಮಾಯಲಿ, ಆಮೇಲೆ ಗುಳಿಗೆ. ದವಡೆ ತೊಂದರೆ ಬರುವುದು ಹೆಚ್ಚಾಗಿ ಗುಳಿಗೆ ನಡೆದಿರುವಾಗ ಹಲ್ಲು ಕಿತ್ತ ಜಾಗದಲ್ಲಿ. ನಾಲ್ಕೆಂಟು ವಾರ ತಡ ಆದರೆ ಏನೂ ಕೆಡುವುದಿಲ್ಲ, ಅಷ್ಟರಲ್ಲಿ ವಿಟಮಿನ್ ಡಿ ತುಂಬಿಕೊಳ್ಳಲಿ. ತಂಬಾಕು ಬಿಡಿಸಲಿಕ್ಕೆ ಇದಕ್ಕಿಂತ ಒಳ್ಳೇ ನೆಪ ಸಿಗಲಿಕ್ಕಿಲ್ಲ.

ಚಹಾದ್ದು ಹೇಳುತ್ತೇನೆ ಕೇಳಿ. ವಿಡಿಯೋದವರು ಹೇಳದ, ಆದರೆ ನಾನು ಹೆಚ್ಚು ನೋಡುವ ತೊಂದರೆ ಎದೆಯುರಿ, ಅನ್ನನಾಳದ ಹುಣ್ಣು. ಬಹಳ ಸಲ ಅದು ತಗೊಳ್ಳುವ ರೀತಿಯಿಂದ ಬರುತ್ತದೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಗ್ಲಾಸ್ ಬರೀ ನೀರಿನ ಜೊತೆ ನುಂಗಬೇಕು. ಚಹಾ, ಹಾಲು, ಬಿಪಿ ಗುಳಿಗೆ ಎಲ್ಲಾ ಕನಿಷ್ಠ 30 ನಿಮಿಷ ಆದ ಮೇಲೆ. ಅಷ್ಟು ಹೊತ್ತು ಕೂತಿರಬೇಕು ಇಲ್ಲವೇ ಅಡ್ಡಾಡಬೇಕು, ಮಲಗುವಂತಿಲ್ಲ. ಕ್ಯಾಲ್ಸಿಯಂ ಗುಳಿಗೆ ಊಟದ ಜೊತೆ, ಮಧ್ಯಾಹ್ನ. ನಮ್ಮ ಕಡೆ ಬೋರಿನ ನೀರು ಗಡಸು, ಸುಣ್ಣದ ಅಂಶ ಹೆಚ್ಚು. ಆ ನೀರಿನಲ್ಲಿ ನುಂಗಿದರೆ ಗುಳಿಗೆ ಮೈಗೆ ಹತ್ತುವುದೇ ಕಡಿಮೆ. ಆರ್‌ಓ ಫಿಲ್ಟರ್ ನೀರು ಕೊಡಿ.

ಮತ್ತೊಬ್ಬ ಸದಸ್ಯರು (ಬೀದರ್):
ಮೇಡಂ, ಹಾಲು ಮೊಸರು ಎಳ್ಳು ಶೇಂಗಾ ಹಿಂಡಿ ಛಲೋ ತಿಂದ್ರ ಸಾಲಲ್ಲೇನ್ರಿ? ನಮ್ಮ ಅಮ್ಮ ಯಾವ ಗುಳಿಗಿ ನುಂಗಿದ್ಳು, 90 ಬದುಕಿದ್ಳು.

ಡಾಕ್ಟರ್:
ಅಣ್ಣಾ, ತಿನ್ನಲೇಬೇಕು. ಆದರೆ ಮೇಲೆ ಹೇಳಿದೆನಲ್ಲ, ಸಕ್ಕರೆ ಗುಳಿಗೆ ತಗೊಂಡು ಮಣಿ ಕುಸಿದ ಆ 150 ಮಂದಿ — ಆ ಪ್ರಯೋಗದಲ್ಲಿ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆಲ್ಲ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಕೊಟ್ಟಿದ್ದರು. ಕೊಟ್ಟ ಮೇಲೂ ಅಷ್ಟು ಕುಸಿದವು. ಕ್ಯಾಲ್ಸಿಯಂ ಅಂದರೆ ಇಟ್ಟಂಗಿ. ಗೋಡೆ ಕೆಡವುವವನ ಕೈ ಹಿಡಿದು ತಡೆಯುವುದು ಗುಳಿಗೆ. ನಿಮ್ಮ ಅಮ್ಮ 850ರ ಪೈಕಿ ಇದ್ದರು, ಪುಣ್ಯವಂತರು.

ಇನ್ನೊಬ್ಬ ಸದಸ್ಯೆ (ಕಲಬುರಗಿ):
ನನಗ 52ರಿ. ನಮ್ಮ ಓಣ್ಯಾಗ ಫ್ರೀ ಕ್ಯಾಂಪ್ ಇತ್ತು, ಹಿಮ್ಮಡಿ ಮಷಿನ್‌ನಾಗ ಇಟ್ಟು ಮೈನಸ್ 1.7 ಅಂದ್ರು. ಯಾವತ್ತೂ ಮುರಿದಿಲ್ಲ. ಅಲ್ಲೇ ಇದೇ ಗುಳಿಗಿ ಬರದು ಕೊಟ್ಟಾರ.

ಡಾಕ್ಟರ್:
ಅಕ್ಕಾ, ಆ ಚೀಟಿ ಬದಿಗಿಡಿ. ಹಿಮ್ಮಡಿ ಮಷಿನ್ ಅಳೆಯುವುದು ಶಬ್ದದ ಅಲೆಯಿಂದ. ಅದನ್ನು ನೋಡಿ ಔಷಧಿ ಶುರು ಮಾಡುವುದಿಲ್ಲ, ಬೇಕಿದ್ದರೆ ಸೊಂಟ-ಬೆನ್ನಿನ ಡೆಕ್ಸಾ ಮಾಡಿಸಬೇಕು. ಅಲ್ಲೂ ಮೈನಸ್ 1.7 ಬಂದರೆ ಅದಕ್ಕೆ ರೋಗ ಅನ್ನುವುದಿಲ್ಲ, ಮೈನಸ್ 2.5 ಮತ್ತು ಅದಕ್ಕೂ ಕೆಳಗೆ ಹೋದರೆ ಎಲುಬು ಸವೆತ. ಹಿಂದಿನ ಸೇರಿನ ಲೆಕ್ಕ ನಿಮಗೆ ಹೊಂದುವುದಿಲ್ಲ. ನಿಮ್ಮ ವಯಸ್ಸಿನವರಲ್ಲಿ ಹಿಪ್ ಮುರಿಯುವುದೇ ಬಹಳ ಅಪರೂಪ, ಅದರಲ್ಲಿ ಅರ್ಧ ತಪ್ಪಿಸಿದರೂ ಕೈಗೆ ಬರುವುದು ಚಿಟಿಕೆಯಷ್ಟು. ಔಷಧಿಯ ಅಪಾಯ ಮಾತ್ರ ಅಷ್ಟೇ ಇರುತ್ತದೆ. ನಡೆಯಿರಿ, ಬಿಸಿಲು ಏರುವ ಮೊದಲು ತುಸು ಮೈಗೆ ಬಿಸಿಲು ಬೀಳಲಿ. ತಾಯಿ-ತಂದೆಗೆ ಹಿಪ್ ಮುರಿದಿದ್ದರೆ, ಮುಟ್ಟು ಬೇಗ ನಿಂತಿದ್ದರೆ, ಸ್ಟೆರಾಯ್ಡ್ ತಗೊಳ್ಳುತ್ತಿದ್ದರೆ ಬೇರೆ ಮಾತು, ಆಗ ಬಂದು ತೋರಿಸಿ.

ಸದಸ್ಯರು (ಯಾದಗಿರಿ):
ನಮ್ಮ ಅಪ್ಪಗ 70. ಮೈಯೆಲ್ಲ ಎಲುಬು ನೋಯ್ತಾವ, ಬೆನ್ನು ಬಗ್ಗಲ್ಲ. ಡೆಕ್ಸಾದಾಗ ಮಾತ್ರ ಎಲುಬು ಭಾಳ ಗಟ್ಟಿ ಅದ ಅಂತ ಬಂದದ. ಸಣ್ಣವನಿದ್ದಾಗಿಂದ ಊರ ಬೋರಿನ ನೀರೇ ಕುಡದಾನ.

ಡಾಕ್ಟರ್:
ನಮ್ಮ ಸೀಮೆಯ ಪ್ರಶ್ನೆ ಇದು. ಯಾದಗಿರಿ, ಕಲಬುರಗಿ, ರಾಯಚೂರು ಕಡೆ ಎಷ್ಟೋ ಊರಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದು ಎಲುಬಿನಲ್ಲಿ ಕೂತು ಸಾಂದ್ರತೆ ಏರಿಸುತ್ತದೆ, ಗಟ್ಟಿತನ ಕೊಡುವುದಿಲ್ಲ. ಡೆಕ್ಸಾ ಮಷಿನ್ ಮೋಸ ಹೋಗುತ್ತದೆ, ನಂಬರ್ ಛಲೋ ಕಾಣುತ್ತದೆ. ಅಪ್ಪನ ಹಲ್ಲಿನ ಮೇಲೆ ಕಂದು ಕಲೆ ಇವೆಯೇ ನೋಡಿ. ಬೆನ್ನು, ಮುಂಗೈ ಎಕ್ಸ್‌ರೇ, ಮೂತ್ರದ ಫ್ಲೋರೈಡ್, ವಿಟಮಿನ್ ಡಿ, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ ಮಾಡಿಸಿ. ಅಲ್ಲಿಯವರೆಗೆ ಎಲುಬು ಸವೆತದ ಯಾವ ಗುಳಿಗೆಯೂ ಬ್ಯಾಡ, ಇಂಜೆಕ್ಷನ್ನೂ ಬ್ಯಾಡ. ಕುಡಿಯುವ ನೀರು ಮೊದಲು ಬದಲಿಸಿ.

ಸದಸ್ಯೆ (ಬೀದರ್):
ಎಲುಬು ಸವೆತಕ್ಕ ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್ ನಡದಿತ್ತು. ಮಗಳ ಬಾಣಂತನಕ್ಕ ಹೋಗಿದ್ದೆ, ಕೊನೀ ಇಂಜೆಕ್ಷನ್ ಆಗಿ ಎಂಟು ತಿಂಗಳಾಯ್ತು. ಅರಾಮ ಅದೀನಿ, ಬಿಡಬಹುದೇನ್ರಿ?

ಡಾಕ್ಟರ್:
ಇಲ್ಲ! ಈ ವಾರವೇ ನಿಮ್ಮ ಡಾಕ್ಟರನ್ನು ಕಾಣಿ. ಅಲೆಂಡ್ರೊನೇಟ್ ನಿಲ್ಲಿಸಿದರೂ ಎಲುಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಡೆನೊಸುಮಾಬ್ ಹಾಗಲ್ಲ, ಪ್ರಭಾವ ಇಳಿದ ಕೂಡಲೇ ಸವೆತ ಮೊದಲಿಗಿಂತ ಜೋರಾಗಿ ಬರುತ್ತದೆ, ಕೆಲವರಿಗೆ ಎರಡು-ಮೂರು ಮಣಿ ಒಟ್ಟಿಗೇ ಕುಸಿಯುತ್ತವೆ. ನಿಲ್ಲಿಸುವುದೇ ಆದರೆ ಅದರ ಜಾಗಕ್ಕೆ ಇನ್ನೊಂದು ಔಷಧಿ ತಂದು ನಿಲ್ಲಿಸಬೇಕು. ಶುರು ಮಾಡುವ ದಿನವೇ ಇದನ್ನು ನಿಮಗೆ ಹೇಳಬೇಕಿತ್ತು.

ಪ್ರಶ್ನೆ ಕೇಳಿದವರು:
ಮೇಡಂ, ಅವ್ವಗ ಎಲ್ಲಾ ಓದಿ ಹೇಳ್ದೆ. "ಸಾವಿರದಾಗ ಎಂಬತ್ತು ಇರ್ಲಿ, ನೂರೈವತ್ತಕ್ಕಿಂತ ಕಮ್ಮೀನೇ ಅಲ್ಲೇನು" ಅಂದ್ಳು. ಬುಧವಾರ ಹಲ್ಲಿನ ಡಾಕ್ಟರ್ ಕಡಿ ಹೊಂಟೇವಿ. ಎಷ್ಟು ವರ್ಷ ತಗೋಬೇಕು? ಮತ್ತ ಸೋಮವಾರ ತಗೋತೀನಿ ಅಂತಾಳ, ಅವತ್ತು ಶರಣಬಸವೇಶ್ವರ ಗುಡಿಗಿ ಹೋಗಿ ಬರೋತನ ಚಾ ಕುಡಿಯಂಗಿಲ್ಲ, ದಿನಾಪೂರ್ತಿ ಉಪವಾಸ.

ಡಾಕ್ಟರ್:
ಐದು ವರ್ಷ, ಆಮೇಲೆ ಮತ್ತೆ ಡೆಕ್ಸಾ ಮಾಡಿ ನೋಡೋಣ. ಐದು ವರ್ಷ ತಗೊಂಡು ನಿಲ್ಲಿಸಿದವರನ್ನು, ಹತ್ತು ವರ್ಷ ಮುಂದುವರಿಸಿದವರನ್ನು ಹೋಲಿಸಿ ನೋಡಿದ್ದಾರೆ: ಹಿಪ್ ಮುರಿತದಲ್ಲಿ ಫರಕು ಕಾಣಲಿಲ್ಲ, ನೋವು ಬಂದು ಪತ್ತೆಯಾದ ಬೆನ್ನುಮಣಿ ಕುಸಿತ ಮಾತ್ರ ನಿಲ್ಲಿಸಿದವರಲ್ಲಿ ನೂರಕ್ಕೆ 5, ಮುಂದುವರಿಸಿದವರಲ್ಲಿ 2. ಅವ್ವಗೆ ಮೊದಲೇ ಮಣಿ ಕುಸಿದಿರುವುದರಿಂದ ಆಗ ಕೂತು ಲೆಕ್ಕ ಹಾಕೋಣ. ನಡುವೆ ಯಾವಾಗಾದರೂ ತೊಡೆಯಲ್ಲಿ, ತೊಡೆಸಂದಿನಲ್ಲಿ ಸುಮ್ಮಸುಮ್ಮನೆ ನೋವು ಬಂದರೆ ವಾಯು ಅಂತ ಎಣ್ಣೆ ತಿಕ್ಕುತ್ತಾ ಕೂಡಬೇಡಿ, ಎರಡೂ ತೊಡೆ ಎಕ್ಸ್‌ರೇ ಮಾಡಿಸಿ.

ಸೋಮವಾರ ಬ್ಯಾಡ. ಈ ಗುಳಿಗೆ ನುಂಗಿ ಅರ್ಧ ತಾಸು ಆದ ಮೇಲೆ ಏನಾದರೂ ತಿನ್ನಲೇಬೇಕು, ತಿನ್ನುವ ತನಕ ಮಲಗುವಂತಿಲ್ಲ. ದಿನಾಪೂರ್ತಿ ಉಪವಾಸ ಇದ್ದರೆ ಹೊಟ್ಟೆ ಉರಿಯುತ್ತದೆ, ತಪ್ಪು ಮತ್ತೆ ಗುಳಿಗೆಯ ಮೇಲೆ ಬರುತ್ತದೆ. ರವಿವಾರ ಇಟ್ಟುಕೊಳ್ಳಿ. ಗುಡಿಗೆ ಹೋಗಲಿ, ಆದರೆ ದೀಡ ನಮಸ್ಕಾರ ಹಾಕುವುದು ಬ್ಯಾಡ, ಪೂರ್ತಿ ಬಗ್ಗುವುದೂ ಬ್ಯಾಡ. ನಿಂತು ಕೈ ಮುಗಿಯಲಿ. ಜೋಳದ ಚೀಲ ನೀವು ಸರಿಸಿ.