ಚೆಂಡೆ ಜೋರಾದಾಗ ಭಾಗವತರ ದನಿ ಒಡೆಯುತ್ತದೆ, ಕ್ಲಿಪ್ ಫಿಕ್ಸ್‌ಗೂ ಬಗ್ಗುತ್ತಿಲ್ಲ

ಪ್ರಶ್ನೆ (ಡೊಂಬಿವಲಿ): ಮಾಟುಂಗಾದಲ್ಲಿ ಆದ ಯಕ್ಷಗಾನದ ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ್ದೇನೆ. ಚೆಂಡೆ ಜೋರಾದಾಗೆಲ್ಲ ಭಾಗವತರು ಹಾಡುವ ಪದ ಗರಗರ ಕೇಳುತ್ತದೆ. ಇಳಿಸುವಾಗ ಲೆವೆಲ್ -6 ಡಿಬಿ ದಾಟಿಲ್ಲ. ಅಲೆಯ ತುದಿ ಚಪ್ಪಟೆಯಾಗಿಯೂ ಇಲ್ಲ. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಕ್ಲಿಪ್ ಫಿಕ್ಸ್ (ಕತ್ತರಿಸಿಹೋದ ಅಲೆಯ ತುದಿ ತುಂಬುವ ಸಾಧನ) ಹಾಕಿದರೆ ಏನೂ ಬದಲಾಗುವುದಿಲ್ಲ.

ಉತ್ತರ (ಪುಣೆ): ಒಡಕು ರೆಕಾರ್ಡ್ ಆಗುವಾಗಲೇ ಸೇರಿದೆ ಮಾರಾಯ್ರೆ. ಸದ್ದು ಮಿತಿ ಮೀರಿದಾಗ ಟೇಪು ಅಲೆಯ ತುದಿಯನ್ನು ಮೆಲ್ಲಗೆ ಬಾಗಿಸುತ್ತದೆ, ಡಿಜಿಟಲ್ ಕ್ಲಿಪ್ಪಿನ ಹಾಗೆ ಥಟ್ಟನೆ ಕತ್ತರಿಸುವುದಿಲ್ಲ. ಮೈಕಿನ ಹಂತದಲ್ಲೇ ಕತ್ತರಿಸಿದ್ದರೂ, ಆಮೇಲಿನ ಸರ್ಕ್ಯೂಟು ಫೇಸ್ (ಅಲೆಯ ಬೇರೆ ಬೇರೆ ಆವರ್ತನಗಳ ಸಮಯದ ಹೊಂದಾಣಿಕೆ) ತಿರುಗಿಸಿ ಆ ಚಪ್ಪಟೆಯನ್ನು ಓರೆ ಮಾಡಿರುತ್ತದೆ. ಕ್ಲಿಪ್ ಫಿಕ್ಸ್ ಹುಡುಕುವುದು ಚಪ್ಪಟೆ ತುದಿಯನ್ನು ಮಾತ್ರ.

ಒಡಕು ಸೇರಿಸಿದ ಹಾರ್ಮೋನಿಕ್ಸ್ (ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಆವರ್ತನದ ಸ್ವರಗಳು) ಎಣಿಸಿ ಅಳೆಯಲು ಹೋಗಬೇಡಿ. ದನಿಗೂ ಹಾರ್ಮೋನಿಯಂಗೂ ತಮ್ಮದೇ ಹಾರ್ಮೋನಿಕ್ಸ್ ಜಾಸ್ತಿ, ಯಾವುದು ಒಡಕಿನದು ಅಂತ ಬೇರ್ಪಡಿಸಲಾಗುವುದಿಲ್ಲ. ಶ್ರುತಿಯನ್ನು ಹಿಡಿಯಿರಿ. ಅದು ಒಂದೇ ಮಟ್ಟದಲ್ಲಿ ನಿಂತಿರುತ್ತದೆ ಅಲ್ವಾ? ಚೆಂಡೆಯನ್ನೂ ಸಾಮಾನ್ಯವಾಗಿ ಷಡ್ಜಕ್ಕೇ ಕೂಡಿಸಿರುತ್ತಾರೆ, ಹಾಗಾಗಿ ಶ್ರುತಿಯ ಪಂಚಮವನ್ನು ಕಿರಿದಾದ ಫಿಲ್ಟರಿನಲ್ಲಿ ತೆಗೆದು ನೋಡಿ. ಪೆಟ್ಟು ಬಿದ್ದಾಗ ಅದು ತಗ್ಗಿ, ಪೆಟ್ಟು ಮುಗಿದ ಕೂಡಲೇ ಎದ್ದರೆ ಸ್ಯಾಚುರೇಶನ್, ಅಂದರೆ ಟೇಪು ಹಿಡಿಯುವ ಮಿತಿ ತುಂಬಿಹೋದದ್ದು. ನಿಧಾನವಾಗಿ ಏರಿದರೆ ರೆಕಾರ್ಡರು ತಾನೇ ಸದ್ದು ತಗ್ಗಿಸುವ ಆಟೋ ಲೆವೆಲ್. ಅದಕ್ಕೆ ಮದ್ದೇ ಬೇರೆ, ವಾಲ್ಯೂಮನ್ನು ಎದುರು ದಿಕ್ಕಿಗೆ ತಿದ್ದಬೇಕು.

ಪ್ರಶ್ನೆ (ಡೊಂಬಿವಲಿ): ನೋಡಿದೆ ಅಣ್ಣ. ಪೆಟ್ಟಿನ ಜೊತೆ ತಗ್ಗುತ್ತದೆ, ಕೂಡಲೇ ಏಳುತ್ತದೆ.

ಉತ್ತರ (ಪುಣೆ): ಹಾಗಾದರೆ ಕೆಲಸ ಸಾಧ್ಯ. ಒಟ್ಟು ಸದ್ದಿನ ಮಟ್ಟ ಒಂದು ಅಕ್ಷ, ಪಂಚಮದ ಮಟ್ಟ ಇನ್ನೊಂದು ಅಕ್ಷ ಮಾಡಿ ಚುಕ್ಕೆ ಹಾಕಿ. ಮೆಲ್ಲಗಿದ್ದಾಗಿನ ಮಟ್ಟಕ್ಕೆ ಹೋಲಿಸಿದರೆ ಜೋರಾದಾಗ ಪಂಚಮ ಎಷ್ಟು ಪಾಲು ಉಳಿಯುತ್ತದೋ, ಅಲ್ಲಿ ಟೇಪಿನ ವಕ್ರರೇಖೆಯ (ಒಳಹೋದ ಸದ್ದಿಗೆ ಎಷ್ಟು ಹೊರಬಂತು ಎನ್ನುವ ರೇಖೆ) ಇಳಿಜಾರು ಸುಮಾರು ಅಷ್ಟೇ. ಆ ಇಳಿಜಾರುಗಳನ್ನು ಕೂಡಿಸುತ್ತ ಹೋದರೆ ರೇಖೆ ಸಿಗುತ್ತದೆ. ಅದನ್ನು ತಿರುಗಿಸಿ, ಅಂದರೆ ಬಾಗಿದ್ದನ್ನು ಮತ್ತೆ ನೇರ ಮಾಡುವ ಹಾಗೆ, ಹಾಕಿದರೆ ದನಿ ಬಿಚ್ಚಿಕೊಳ್ಳುತ್ತದೆ. ರೇಖೆ ಪೂರ್ತಿ ಮಲಗಿದ ಕಡೆ ಮಾತ್ರ ತಿರುಗಿಸಬೇಡಿ. ಅಲ್ಲಿ ಮೂಲ ಅಳಿಸಿಹೋಗಿದೆ, ಹಿಸ್ಸೇ (ಟೇಪಿನ ಸುಯ್ ಎನ್ನುವ ಸದ್ದು) ಮೇಲೇಳುತ್ತದೆ.

ಇದೆಲ್ಲ ನಾಯ್ಸ್ ರಿಡಕ್ಷನ್‌ಗೆ ಮೊದಲೇ ಆಗಬೇಕು. ಸುಮ್ನೆ ಹಿಸ್ ತೆಗೆದು, ಈಕ್ಯೂ (ತಗ್ಗು, ಎತ್ತರದ ಸ್ವರಗಳ ಮಟ್ಟದ ಹೊಂದಾಣಿಕೆ) ಹಾಕಿ ಕೂತರೆ ಅಲೆಯ ಆಕಾರವೇ ಬದಲಾಗಿ ಲೆಕ್ಕ ತಪ್ಪುತ್ತದೆ. ಇನ್ನೊಂದು: ಟೇಪು ಅಲೆಯನ್ನು ಬಾಗಿಸಿದ್ದು ರೆಕಾರ್ಡಿಂಗ್ ಈಕ್ಯೂ ಆದಮೇಲೆ. ಸಾಮಾನ್ಯ ಫೆರಿಕ್ (ಕಬ್ಬಿಣದ ಆಕ್ಸೈಡ್ ಲೇಪದ) ಕ್ಯಾಸೆಟ್ಟಾದರೆ 120 ಮೈಕ್ರೋಸೆಕೆಂಡಿನ ಪ್ಲೇಬ್ಯಾಕ್ ಈಕ್ಯೂವನ್ನು ಮೊದಲು ತಿರುಗಿಸಿ, ರೇಖೆ ತಿದ್ದಿ, ಮತ್ತೆ ಅದೇ ಈಕ್ಯೂ ಹಾಕಿ. ಕ್ಯಾಸೆಟ್ ಇನ್ನೂ ಓಡುವ ಹಾಗಿದ್ದರೆ ಹೆಡ್ಡಿನ ಅಜಿಮುತ್ (ಟೇಪಿಗೆ ಹೆಡ್ಡು ನಿಂತಿರುವ ಕೋನ) ಸರಿಮಾಡಿಕೊಂಡು 24 ಬಿಟ್ಟಿನಲ್ಲಿ ಇನ್ನೊಮ್ಮೆ ಇಳಿಸಿ. ಆ ಮೂಲ ಫೈಲನ್ನು ಮುಟ್ಟದೆ ಇಡಿ. ಮೊದಲು ಒಂದೇ ಪದದ ಮೇಲೆ ಮಾಡಿ ನೋಡಿ, ತುಣುಕು ಇಲ್ಲಿ ಹಾಕಿ. ನಾನೂ ಕೇಳುತ್ತೇನೆ.