ಹೇಗೂ ಬರುವ ಸೋಂಕು ಬೇಗ ಬಂದು ಹೋಗಲಿ ಅನ್ನುವುದು ಸರಿಯೇ, ತಪ್ಪಿಸಿಕೊಳ್ಳುತ್ತಲೇ ಇರಬೇಕೇ?

ಮೂಡಲಗಾಳಿ ಕೇಳಿದ್ದು:

ಕೋವಿಡ್‌ನಂಥ ಹೊಸ ವೈರಸ್ ಮತ್ತೊಮ್ಮೆ ಲೋಕವೆಲ್ಲ ಹಬ್ಬಿತು ಎಂದಿಟ್ಟುಕೊಳ್ಳಿ. ಕೊನೆಗೆ ಎಲ್ಲರಿಗೂ ಒಂದು ಸಲ ಬಂದೇ ತೀರುತ್ತದೆ ಅನ್ನುವುದಾದರೆ, ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರುವಾಗ, ಮೈಯಲ್ಲಿ ಕಸುವಿರುವಾಗಲೇ ಬಂದು ಹೋಗಲಿ ಎಂಬ ವಾದವನ್ನು ಪೂರ್ತಿ ತಳ್ಳಿಹಾಕಬಹುದೇ? 1918ರ ಫ್ಲೂನಲ್ಲಿ ಮೊದಲ ಅಲೆಯಲ್ಲಿ ಮಲಗಿ ಎದ್ದವರು ಎರಡನೇ ಅಲೆಯಲ್ಲಿ ಬಚಾವಾದರು ಎಂದು ಓದಿದ್ದೇನೆ. ಚಿಕನ್‌ಪಾಕ್ಸ್ ಚಿಕ್ಕಂದಿನಲ್ಲೇ ಬಂದರೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಿದ್ದರು. ವರ್ಷಗಟ್ಟಲೆ ಮಾಸ್ಕ್ ಹಾಕಿ ಕೂತರೆ ರೋಗನಿರೋಧಕ ಶಕ್ತಿಯೇ ಕುಂದುತ್ತದೆ ಎಂಬ ಮಾತೂ ಇದೆ. ಉಪದೇಶ ಬೇಡ, ಲೆಕ್ಕ ಬೇಕು.

ಅಲೆಲೆಕ್ಕಿಗ:

ನಿಮ್ಮ ವಾದ ನಿಂತಿರುವುದು "ಒಂದು ಸಲ" ಅನ್ನುವ ಮಾತಿನ ಮೇಲೆ. ಅದು ಕುಸಿಯುವುದೂ ಅಲ್ಲೇ. ಫ್ಲೂ, ಕೊರೊನಾ ಎರಡೂ ಮತ್ತೆ ಮತ್ತೆ ಬರುವ ಜಾತಿಯ ವೈರಸ್‌ಗಳು. ಬೇಗ ಹಿಡಿಸಿಕೊಂಡವರ ಸರದಿ ಅಲ್ಲಿಗೆ ಮುಗಿಯುವುದಿಲ್ಲ, ಅವರ ಖಾತೆಗೆ ಒಂದು ಸೋಂಕು ಹೆಚ್ಚಿಗೆ ಸೇರುತ್ತದೆ ಅಷ್ಟೆ. ಬ್ರೆಜಿಲ್‌ನ ಮನೌಸ್‌ ನಗರದಲ್ಲಿ 2020ರ ಅಕ್ಟೋಬರ್ ಹೊತ್ತಿಗೆ ಮುಕ್ಕಾಲು ಪಾಲು ಜನರಿಗೆ ಸೋಂಕು ತಗುಲಿದೆ ಎಂದು ರಕ್ತದಾನಿಗಳ ಮಾದರಿ ನೋಡಿ ಅಂದಾಜಿಸಿದ್ದರು. ಆ ಅಂದಾಜು ಹೆಚ್ಚಾಯಿತು ಅನ್ನುವ ತಕರಾರೂ ಉಂಟು, ಇರಲಿ. 2021ರ ಜನವರಿಯಲ್ಲಿ ಗಾಮಾ ರೂಪಾಂತರಿಯ ಅಲೆ ಎದ್ದಾಗ ಅಲ್ಲಿನ ಆಸ್ಪತ್ರೆಗಳಲ್ಲಿ ಆಕ್ಸಿಜನ್ನೇ ಮುಗಿದುಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಪತ್ತೆಯಾದ ಒಮಿಕ್ರಾನ್, ಹಿಂದೆ ಸೋಂಕಾಗಿದ್ದವರನ್ನೂ ಧಾರಾಳವಾಗಿ ಹಿಡಿಯಿತು.

ಈಗ ಕಾಯುವುದರ ಬೆಲೆ ನೋಡೋಣ. 2020ರ ಮಾರ್ಚ್‌ನಲ್ಲಿ ಉಸಿರುಗಟ್ಟಿ ಆಸ್ಪತ್ರೆ ಸೇರಿದವರಿಗೆ ಯಾವ ಔಷಧ ಕೆಲಸ ಮಾಡುತ್ತದೆ ಎಂಬುದೇ ಗೊತ್ತಿರಲಿಲ್ಲ. ಆ ಜೂನ್‌ನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್‌ನ ಪ್ರಯೋಗದ ಫಲಿತಾಂಶ ಬಂತು: ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಬರೀ ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ ಐದನೇ ಒಂದರಷ್ಟು ಇಳಿಯಿತು. ಡಿಸೆಂಬರ್‌ನಲ್ಲಿ ಲಸಿಕೆ. ಮುಂದಿನ ವರ್ಷದ ಡಿಸೆಂಬರ್‌ನಲ್ಲಿ, ವೈರಸ್ ಬೆಳೆಯದಂತೆ ತಡೆಯುವ ನಿರ್ಮಾಟ್ರೆಲ್ವಿರ್ ಮಾತ್ರೆ. ಮನುಷ್ಯರು ಅವರೇ, ದೇಹವೂ ಅದೇ. ಸೋಂಕು ತಗುಲಿದ ತಿಂಗಳು ಬೇರೆಯಾದದ್ದರಿಂದಲೇ ಬದುಕುಳಿಯುವ ಸಾಧ್ಯತೆ ಬೇರೆಯಾಯಿತು.

"ಕಸುವಿರುವಾಗಲೇ" ಅನ್ನುವುದಕ್ಕೂ ಅಂಕಿ ಇದೆ. ಲಸಿಕೆ ಬರುವ ಮೊದಲು, ಸೋಂಕಿತರಲ್ಲಿ ಸಾವಿನ ಪ್ರಮಾಣ 25ರ ವಯಸ್ಸಿಗೆ ಸುಮಾರು ಶೇ 0.01, 55ಕ್ಕೆ ಶೇ 0.4, 65ಕ್ಕೆ ಶೇ 1.4, 75ಕ್ಕೆ ಶೇ 4.6, 85ಕ್ಕೆ ಶೇ 15. ಅಂದರೆ ಹೆಚ್ಚುಕಡಿಮೆ ಐದಾರು ವರ್ಷಕ್ಕೊಮ್ಮೆ ಅಪಾಯ ಇಮ್ಮಡಿ. ಎರಡು ವರ್ಷ ತಪ್ಪಿಸಿಕೊಂಡು ಓಡಾಡಿದರೆ ವಯಸ್ಸಾಯಿತೆಂಬ ಕಾರಣಕ್ಕೆ ಏರುವ ಅಪಾಯ ಶೇ 25-30. ಅದೇ ಎರಡು ವರ್ಷದಲ್ಲಿ ಸಿಕ್ಕ ಲಸಿಕೆ, ಮೊದಲ ತಿಂಗಳುಗಳಲ್ಲಿ, ತೀವ್ರ ಕಾಯಿಲೆಯ ಸಾಧ್ಯತೆಯನ್ನು ಹತ್ತನೇ ಒಂದರ ಆಸುಪಾಸಿಗೆ ಇಳಿಸುತ್ತಿತ್ತು. ತಕ್ಕಡಿ ಎತ್ತ ವಾಲುತ್ತದೆ ಎಂಬುದು ಸ್ಪಷ್ಟ.

1918ರ ಮಾತು ಸುಳ್ಳಲ್ಲ. ವಸಂತದ ಸೌಮ್ಯ ಅಲೆಯಲ್ಲಿ ಸೋಂಕಾದವರಿಗೆ ಶರತ್ಕಾಲದ ಅಲೆಯಲ್ಲಿ ಒಂದಷ್ಟು ರಕ್ಷಣೆ ಸಿಕ್ಕಿದ್ದಕ್ಕೆ ಸೇನಾ ಶಿಬಿರಗಳ ದಾಖಲೆಗಳಲ್ಲಿ ಆಧಾರವಿದೆ. ಆದರೆ ಮೊದಲನೆಯದು ಸೌಮ್ಯ ಎಂಬುದು ಗೊತ್ತಾದದ್ದು ಎರಡನೆಯದು ಬಂದ ಮೇಲೆ. ಅದೇ ಫ್ಲೂನಲ್ಲಿ ತಪ್ಪಿಸಿಕೊಂಡವರ ಕತೆಯನ್ನೂ ನೋಡಿ. 1918ರ ನವೆಂಬರ್‌ನಲ್ಲಿ ತಲೂನೆ ಎಂಬ ಹಡಗು ಪೆಸಿಫಿಕ್ ಸಾಗರದ ದ್ವೀಪನಾಡು ಪಶ್ಚಿಮ ಸಮೋವಾದಲ್ಲಿ ಲಂಗರು ಹಾಕಿತು. ಕೆಲವೇ ವಾರಗಳಲ್ಲಿ ಅಲ್ಲಿನ ಸುಮಾರು ಐದನೇ ಒಂದು ಪಾಲು ಜನ ಸತ್ತರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಹಡಗುಗಳಿಗೆ ಕಟ್ಟುನಿಟ್ಟಿನ ಕ್ವಾರಂಟೈನ್ ಹಾಕಿದ್ದರು. ಆ ಫ್ಲೂನಿಂದ ಅಲ್ಲಿ ಒಂದು ಸಾವೂ ಇಲ್ಲ. ಲಸಿಕೆಯ ಆಸರೆಯೂ ಇಲ್ಲದ ಕಾಲ ಅದು.

ಒಬ್ಬೊಬ್ಬರೂ "ಬೇಗ ಮುಗಿಸಿಕೊಳ್ಳೋಣ" ಎಂದರೆ ಇನ್ನೊಂದು ತೊಂದರೆ. ಒಬ್ಬ ಸೋಂಕಿತ ಸರಾಸರಿ ಮೂವರಿಗೆ ಹರಡುವ ವೈರಸ್ ಆದರೆ, ಶೇ 67ರಷ್ಟು ಜನರಿಗೆ ರಕ್ಷಣೆ ಬಂದಾಗ ಹರಡುವಿಕೆ ಇಳಿಮುಖವಾಗುತ್ತದೆ. ಆದರೆ ಕಡಿವಾಣವಿಲ್ಲದೆ ಹಬ್ಬಿದ ಅಲೆ ಅಲ್ಲಿಗೆ ಗಕ್ಕನೆ ನಿಲ್ಲುವುದಿಲ್ಲ. ಆ ಹೊತ್ತಿಗೆ ಸೋಂಕಿತರ ಸಂಖ್ಯೆ ತುದಿಯಲ್ಲಿರುತ್ತದೆ, ಅವರಿಂದ ಇನ್ನಷ್ಟು ಜನಕ್ಕೆ ಹರಡಿ ಒಟ್ಟು ಶೇ 94 ಮುಟ್ಟುತ್ತದೆ. ಹರಡುವ ಸಂಖ್ಯೆ ಎರಡೇ ಆದರೂ ಶೇ 50ಕ್ಕೆ ಇಳಿಮುಖ, ಶೇ 80ಕ್ಕೆ ಮುಕ್ತಾಯ. ನಡುವಿನ ಆ ಪಾಲು ನಿಧಾನಿಸಿದ್ದರೆ ಉಳಿಯುತ್ತಿದ್ದ ಜನರದ್ದು. ಹಾಸಿಗೆ ಖಾಲಿ ಇರುವಾಗಲೇ ಹೋಗಿ ಮಲಗೋಣ ಎಂದು ಎಲ್ಲರೂ ಒಟ್ಟಿಗೆ ಹೊರಟರೆ ಯಾವ ಹಾಸಿಗೆಯೂ ಖಾಲಿ ಇರುವುದಿಲ್ಲ, ಅದು ಬೇರೆ ಮಾತು.

ರಾತ್ರಿಪಾಳಿ:

ಚಿಕನ್‌ಪಾಕ್ಸ್ ಹೋಲಿಕೆ ಬಗ್ಗೆ. ಲಸಿಕೆ ಇಲ್ಲದ ಕಾಲಕ್ಕೆ ಅದರಲ್ಲಿ ತರ್ಕವಿತ್ತು. ದೊಡ್ಡವರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗುವುದು ಹೆಚ್ಚು, ಒಮ್ಮೆ ಬಂದರೆ ರಕ್ಷಣೆ ಬಹುಕಾಲ ಉಳಿಯುತ್ತದೆ. ಎರಡೂ ಷರತ್ತು ಕೂಡಿದಾಗ ಮಾತ್ರ "ಬೇಗ ಬರಲಿ" ಅನ್ನಬಹುದು. ಕೋವಿಡ್‌ನಲ್ಲಿ ಎರಡನೆಯದು ಇಲ್ಲ. ಚಿಕನ್‌ಪಾಕ್ಸ್‌ಗೂ ಬಾಲ ಉಂಟು: ವೈರಸ್ ನರಗಳ ಬುಡದಲ್ಲಿ ಅಡಗಿ ಕೂತು ಮುಪ್ಪಿನಲ್ಲಿ ಸರ್ಪಸುತ್ತಾಗಿ ಎದ್ದುಬರುತ್ತದೆ.

ಬೇಕೆಂದೇ ಸೋಂಕು ಹಿಡಿಸಿಕೊಳ್ಳುವವರು ಮರೆಯುವ ಸಂಗತಿ, ಎಷ್ಟು ವೈರಸ್ ಯಾವ ದಾರಿಯಲ್ಲಿ ಒಳಹೋಗುತ್ತದೆ ಎಂಬುದು ಅವರ ಕೈಯಲ್ಲಿಲ್ಲ. ಹಿಂದೆ ಸಿಡುಬಿನಿಂದ ರಕ್ಷಣೆಗೆಂದೇ ಅದರ ಕೀವನ್ನು ಚರ್ಮ ಗೀರಿ ಹಾಕುತ್ತಿದ್ದಾಗ ಸಾವು ಶೇ 1-2 ಇತ್ತು. ತಾನಾಗಿ ಬಂದ ಸಿಡುಬಿಗೆ ಶೇ 20-30. ಆ ವ್ಯತ್ಯಾಸಕ್ಕೆ ಮುಖ್ಯ ಕಾರಣ ವೈರಸ್ ಒಳಹೊಕ್ಕ ದಾರಿ: ಉಸಿರಿನ ಮೂಲಕವಲ್ಲ, ಚರ್ಮದ ಮೂಲಕ. ಸೋಂಕಿತರ ಜತೆ ಒಂದೇ ಕೋಣೆಯಲ್ಲಿ ಕೂತು ಉಸಿರಾಡುವುದಕ್ಕೆ ಆ ಅನುಕೂಲ ಯಾವುದೂ ಇಲ್ಲ. 2021ರಲ್ಲಿ ಬ್ರಿಟನ್‌ನಲ್ಲಿ 18ರಿಂದ 30 ವಯಸ್ಸಿನ ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ಅಳೆದು ವೈರಸ್ ಬಿಟ್ಟ ಪ್ರಯೋಗದಲ್ಲಿ 34ರಲ್ಲಿ 18 ಮಂದಿಗೆ ಮಾತ್ರ ಸೋಂಕಾಯಿತು. ಯಾರೂ ಗಂಭೀರ ಸ್ಥಿತಿಗೆ ಹೋಗಲಿಲ್ಲ, ಆದರೆ ಸೋಂಕಾದವರಲ್ಲಿ ಹೆಚ್ಚಿನವರ ವಾಸನೆಯ ಗ್ರಹಿಕೆ ಕೆಟ್ಟಿತು. ಅದೂ ಅಷ್ಟು ಸೋಸಿ ಆರಿಸಿದ ಜನರಲ್ಲಿ, ವೈದ್ಯರ ಕಣ್ಣೆದುರಲ್ಲಿ.

ಮತ್ತೆ, ಹಿಡಿಸಿಕೊಂಡದ್ದು ನಿಮ್ಮೊಬ್ಬರಲ್ಲೇ ಉಳಿಯುವುದಿಲ್ಲ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ವೈರಸ್ ಹೊರಬೀಳತೊಡಗುತ್ತದೆ. ಯಾವತ್ತಿನಿಂದ ಪ್ರತ್ಯೇಕವಾಗಿ ಇರಬೇಕು ಎಂದು ನೀವು ತೀರ್ಮಾನಿಸುವ ಹೊತ್ತಿಗೆ ಮನೆಯಲ್ಲಿರುವ 75 ದಾಟಿದವರಿಗೆ ತಗುಲಿ ಆಗಿರಬಹುದು.

ನಿರೋಧಕ ಶಕ್ತಿ ಕುಂದುವ ವಿಚಾರ. ಅದು ಬಳಸದಿದ್ದರೆ ಸೊರಗುವ ಮಾಂಸಖಂಡವಲ್ಲ. ಮಾಸ್ಕ್ ಹಾಕಿದವರ ಚರ್ಮ, ಕರುಳು, ಬಾಯಿ ಎಲ್ಲವೂ ದಿನವಿಡೀ ಸಾವಿರಾರು ಸೂಕ್ಷ್ಮಜೀವಿಗಳ ಸಂಪರ್ಕದಲ್ಲೇ ಇರುತ್ತವೆ. ನಿರ್ಬಂಧ ಸಡಿಲಿಸಿದ ಮೇಲೆ 2021-22ರಲ್ಲಿ ಮಕ್ಕಳಲ್ಲಿ ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ಉಕ್ಕಿದ್ದು ನಿಜ. ಅದಕ್ಕೆ ಮುಖ್ಯ ಕಾರಣ, ಎಂದೂ ಆ ಸೋಂಕು ತಗುಲದ ಮಕ್ಕಳು ಒಟ್ಟಾಗಿ ಹೆಚ್ಚಿದ್ದರು. ಒಂದೊಂದು ಮಗುವಿನ ದೇಹ ದುರ್ಬಲವಾಗಿತ್ತು ಎಂದು ಅದರ ಅರ್ಥವಲ್ಲ. ಆರ್‌ಎಸ್‌ವಿ ಅತಿ ಅಪಾಯಕಾರಿಯಾಗುವುದು ಹುಟ್ಟಿದ ಮೊದಲ ಆರು ತಿಂಗಳಲ್ಲಿ, ಹಾಗಾಗಿ ಅಲ್ಲೂ ತಡವಾದಷ್ಟು ಲಾಭವೇ.

ಒಂದೆರಡುಮಾತು:

ಮೇಲಿನವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ, ಆದರೆ ಅರ್ಧ ಬಿಟ್ಟಿದ್ದಾರೆ. ತಪ್ಪಿಸಿಕೊಂಡು ಗಳಿಸಿದ ಸಮಯವನ್ನು ಬಳಸದಿದ್ದರೆ ಅದು ವ್ಯರ್ಥ. ಹಾಂಗ್‌ಕಾಂಗ್ ಎರಡು ವರ್ಷ ವೈರಸ್ಸನ್ನು ಹೊರಗಿಟ್ಟಿತ್ತು, 2021ರ ಕೊನೆಗೆ ಒಟ್ಟು ಸಾವು ಇನ್ನೂರು ಚಿಲ್ಲರೆ. ಆದರೆ 80 ದಾಟಿದವರಲ್ಲಿ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡಿರಲಿಲ್ಲ. 2022ರ ಆರಂಭದ ಒಮಿಕ್ರಾನ್ ಅಲೆಯಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 9,000 ಸಾವು. ಅದೇ ಹೊತ್ತಿಗೆ ಬಾಗಿಲು ತೆರೆದ ನ್ಯೂಜಿಲೆಂಡ್‌ನಲ್ಲಿ 12 ದಾಟಿದವರ ಪೈಕಿ ಶೇ 90ಕ್ಕೂ ಹೆಚ್ಚು ಮಂದಿಗೆ ಎರಡು ಡೋಸ್ ಆಗಿತ್ತು. ಅಲ್ಲಿ ಅಂಥ ದುರಂತ ಆಗಲಿಲ್ಲ. ಇಬ್ಬರೂ ತಪ್ಪಿಸಿಕೊಂಡವರೇ.

"ವೈರಸ್ ತಾನಾಗಿಯೇ ಸೌಮ್ಯವಾಗುತ್ತದೆ, ಅಲ್ಲಿಯವರೆಗೆ ಕಾಯೋಣ" ಎಂಬ ಲೆಕ್ಕವನ್ನೂ ನಂಬಬೇಡಿ. ಆಲ್ಫಾಗಿಂತ ಡೆಲ್ಟಾ ಉಗ್ರವಾಗಿತ್ತು. ರೋಗಿ ಸಾಯುವುದಕ್ಕೆ ವಾರಗಟ್ಟಲೆ ಮೊದಲೇ ವೈರಸ್ ಮುಂದಿನವರಿಗೆ ದಾಟಿರುತ್ತದೆ, ರೋಗಿ ಉಳಿದರೇನು ಸತ್ತರೇನು, ಅದಕ್ಕೆ ಲೆಕ್ಕವಿಲ್ಲ. ಕಾಯಬೇಕಾದದ್ದು ಲಸಿಕೆಗೆ ಮತ್ತು ಔಷಧಕ್ಕೆ. ಅವು ಕೈಗೆ ಬಂದ ಮೇಲೆ ಬದುಕನ್ನೇ ಮುಚ್ಚಿಕೊಂಡು ಕೂರುವುದರ ಬೆಲೆ, ಅದರಲ್ಲೂ ಒಂಟಿ ವೃದ್ಧರಿಗೆ ಮತ್ತು ಓದುವ ಮಕ್ಕಳಿಗೆ, ಲಾಭವನ್ನು ಮೀರುವ ಘಟ್ಟ ಬರುತ್ತದೆ. ಅಂಗಾಂಗ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಆ ಘಟ್ಟ ಬೇರೆ. ಅವರಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ.

ಕಿಟಕಿತೆರೆ:

ತಪ್ಪಿಸಿಕೊಳ್ಳುವುದು ಎಂದರೆ ಬಾಗಿಲು ಹಾಕಿ ಕೂರುವುದು ಎಂದೇ ಎಲ್ಲರೂ ಹಿಡಿದುಕೊಂಡಂತಿದೆ. ಗಾಳಿಯಲ್ಲಿ ಹರಡುವ ವೈರಸ್‌ಗೆ ಗಾಳಿಯ ಕೆಲಸ ಮೊದಲು.

ಕೋಣೆ 4 ಮೀಟರ್ ಉದ್ದ, 4 ಅಗಲ, 3 ಎತ್ತರ ಎಂದರೆ 48 ಘನ ಮೀಟರ್. ಗಂಟೆಗೆ ಆರು ಸಲ ಗಾಳಿ ಶುದ್ಧವಾಗಬೇಕಾದರೆ 288 ಘನ ಮೀಟರ್ ಶುದ್ಧ ಗಾಳಿ ಕೊಡುವ ಹೆಪಾ (ಸೂಕ್ಷ್ಮ ಕಣ ಸೋಸುವ ಫಿಲ್ಟರ್) ಯಂತ್ರ ಬೇಕು. ಡಬ್ಬದ ಮೇಲೆ ಬರೆದಿರುವ ಅಂಕಿ ಅತಿ ವೇಗದ್ದು. ಆ ಸದ್ದಿಗೆ ಜನ ಬೇಸತ್ತು ನಿಧಾನಕ್ಕೆ ಇಡುತ್ತಾರೆ, ಆಗ ಅರ್ಧವೂ ಸಿಗುವುದಿಲ್ಲ. ಮಧ್ಯಮ ವೇಗದಲ್ಲೇ ಸಾಕಾಗುವಂಥದ್ದನ್ನು ಆರಿಸಿ. ಅಯಾನ್ ಬಿಡುವ ಬಟನ್ ಇದ್ದರೆ ಆಫ್ ಮಾಡಿಡಿ. ಚೌಕ ಫ್ಯಾನ್‌ಗೆ ನಾಲ್ಕು ಮರ್ವ್-13 (ಸಣ್ಣ ಕಣ ಹಿಡಿಯುವ ದರ್ಜೆ) ಫಿಲ್ಟರ್ ಕಟ್ಟಿ ಪೆಟ್ಟಿಗೆ ಮಾಡಿಕೊಂಡರೂ ಕೆಲಸ ಚೆನ್ನಾಗಿಯೇ ಆಗುತ್ತದೆ. ಫಿಲ್ಟರ್ ಮೇಲಿನ ಬಾಣದ ಗುರುತು ಪೆಟ್ಟಿಗೆಯ ಒಳಮುಖವಾಗಿರಲಿ, ಮೂಲೆಗಳ ಸಂದಿಗೆ ಟೇಪ್ ಬೀಳಲಿ. ಸಂದಿ ಬಿಟ್ಟರೆ ಗಾಳಿ ಫಿಲ್ಟರ್ ಮುಟ್ಟದೆ ಅಲ್ಲಿಂದಲೇ ನುಗ್ಗುತ್ತದೆ.

ಕಾರ್ಬನ್ ಡೈಆಕ್ಸೈಡ್ ಮಾಪಕ ಕೊಳ್ಳುವುದಾದರೆ ಅವರೋಹಿತ (ಇನ್‌ಫ್ರಾರೆಡ್) ಬೆಳಕಿನಿಂದ ಅಳೆಯುವ ಸಂವೇದಕದ್ದೇ ಬೇಕು. ಬೇರೆ ಅನಿಲ ನೋಡಿ ಊಹಿಸುವ ಅಗ್ಗದವು ಸ್ಪಿರಿಟ್ ವಾಸನೆಗೂ ಹಾರಾಡುತ್ತವೆ. ಬಯಲಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು). ಒಳಗೆ 800ರ ಕೆಳಗಿದ್ದರೆ ಸರಿ, 1,500 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆಯುತ್ತಿದ್ದಾರೆ ಎಂದು ತಿಳಿಯಿರಿ. ಹೆಪಾ ಯಂತ್ರ ಓಡುತ್ತಿದ್ದರೆ ಈ ಅಂಕಿ ಇಳಿಯುವುದಿಲ್ಲ. ಅದು ಕಣಗಳನ್ನು ಹಿಡಿಯುತ್ತದೆ, ಅನಿಲವನ್ನಲ್ಲ.

ಎನ್95 ಮಾಸ್ಕ್ ಸೋಲುವುದು ಹೆಚ್ಚಾಗಿ ಅಂಚಿನಲ್ಲಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಹಾಯುವುದು ಬಿಗಿಯಾಗಿ ಕೂರುತ್ತದೆ. ಮೂಗಿನ ತಂತಿಯನ್ನು ಎರಡೂ ಕೈಬೆರಳಿನಿಂದ ಒತ್ತಿ ಕೂರಿಸಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಗೂಡಾಗುತ್ತದೆ. ಜೋರಾಗಿ ಉಸಿರು ಬಿಟ್ಟಾಗ ಕನ್ನಡಕ ಮಂಜಾದರೆ ಮೇಲೆ ಸೋರುತ್ತಿದೆ. ಗಡ್ಡವಿದ್ದರೆ ಸುತ್ತಲೂ ಸೋರುತ್ತದೆ.

ಮೂಡಲಗಾಳಿ:

ಒಪ್ಪಿದೆ. ಕೊನೆಯದೊಂದು: ಲಸಿಕೆ ಆದ ಮೇಲೆ ಸೋಂಕೂ ಬಂದರೆ ಎರಡರ ರಕ್ಷಣೆ ಸೇರಿ ಇನ್ನೂ ಗಟ್ಟಿ ಅನ್ನುತ್ತಾರಲ್ಲ? ಆಗ ಬೇಕೆಂದೇ ತಗುಲಿಸಿಕೊಂಡರೆ?

ರಾತ್ರಿಪಾಳಿ:

ಗಟ್ಟಿಯಾಗುವುದು ನಿಜ, ಆದರೆ ಆ ಗಟ್ಟಿತನ ಬೇಕಾಗಿರುವುದೇ ಸೋಂಕಿನಿಂದ ಉಳಿಯಲು. ಅದನ್ನು ಪಡೆಯಲು ಸೋಂಕನ್ನೇ ಕರೆದರೆ ಬಂದ ಲಾಭವೇನು? ತಿಂಗಳುಗಟ್ಟಲೆ ಉಳಿಯುವ ಸುಸ್ತು, ಉಬ್ಬಸ, ಮಂಕು ಲಸಿಕೆಯಿಂದ ಕಡಿಮೆಯಾಗುತ್ತವೆ, ಇಲ್ಲವಾಗುವುದಿಲ್ಲ. ತಾನಾಗಿ ಬಂದರೆ ಬರಲಿ, ಆಗ ತಯಾರಿರಿ.

ಲಕ್ಷಣ ಕಂಡ ದಿನವನ್ನು ಬರೆದಿಡಿ. ಮೊದಲ ಆಂಟಿಜನ್ ಪರೀಕ್ಷೆ ನೆಗೆಟಿವ್ ಬಂದರೆ ನಂಬಿ ಕೂರದೆ 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿ. ಹದಗೆಡುವುದು ಸಾಮಾನ್ಯವಾಗಿ ಏಳರಿಂದ ಹತ್ತನೇ ದಿನದ ನಡುವೆ. ಜ್ವರ ಬಿಟ್ಟಿತು ಎಂದು ಐದನೇ ದಿನಕ್ಕೆ ಆಕ್ಸಿಮೀಟರ್ ಪೆಟ್ಟಿಗೆಗೆ ಹಾಕಬೇಡಿ. ಕೈ ಬೆಚ್ಚಗಿರಲಿ, ಉಗುರಿನ ಬಣ್ಣ ತೆಗೆದಿರಲಿ, ಅಂಕಿ ನಿಂತ ಮೇಲೆ ಓದಿ. 94ಕ್ಕಿಂತ ಕೆಳಗೆ ನಿಂತರೆ ಆಸ್ಪತ್ರೆ. ಕಪ್ಪು ಚರ್ಮದವರಲ್ಲಿ ಯಂತ್ರ ಇರುವುದಕ್ಕಿಂತ ಒಂದೆರಡು ಅಂಕಿ ಹೆಚ್ಚು ತೋರಿಸುವುದುಂಟು, ಹಾಗಾಗಿ ಅಂಚಿನ ಅಂಕಿಯನ್ನು ಸಮಾಧಾನ ಎಂದುಕೊಳ್ಳಬೇಡಿ. ಆಕ್ಸಿಜನ್ ಬೇಕಾಗದ ಹಂತದಲ್ಲಿ ಸ್ಟೆರಾಯ್ಡ್ ಮಾತ್ರೆ ನುಂಗಬೇಡಿ. ಆ ಹಂತದಲ್ಲಿ ಅದರಿಂದ ಲಾಭ ಕಂಡಿಲ್ಲ, ಹಾನಿಯಾಗಬಹುದು.

60 ದಾಟಿದವರು ಮನೆಯಲ್ಲಿದ್ದರೆ ಅವರು ದಿನಾ ನುಂಗುವ ಮಾತ್ರೆಗಳ ಪಟ್ಟಿಯನ್ನು ಈಗಲೇ ವೈದ್ಯರಿಗೆ ತೋರಿಸಿ. ನಿರ್ಮಾಟ್ರೆಲ್ವಿರ್ ಅನ್ನು ಲಕ್ಷಣ ಕಂಡ ಐದು ದಿನದೊಳಗೆ ಶುರು ಮಾಡಬೇಕು: ಅದು 300 ಮಿಲಿಗ್ರಾಂ, ಜತೆಗೆ ರಿಟೋನಾವಿರ್ 100, ದಿನಕ್ಕೆರಡು ಸಲ, ಐದು ದಿನ. ಮೂತ್ರಪಿಂಡ ಮಧ್ಯಮ ಮಟ್ಟದಲ್ಲಿ ಸೋತಿದ್ದರೆ ಮೊದಲನೆಯದು 150ಕ್ಕೆ ಇಳಿಯುತ್ತದೆ. ರಿಟೋನಾವಿರ್ ಯಕೃತ್ತಿನ ಒಂದು ಕಿಣ್ವವನ್ನು ತಡೆಯುವುದರಿಂದ ಬೇರೆ ಔಷಧಗಳು ರಕ್ತದಲ್ಲಿ ಏರಿಬಿಡುತ್ತವೆ. ಕೊಲೆಸ್ಟರಾಲ್‌ನ ಸಿಮ್ವಾಸ್ಟಾಟಿನ್ ನಿಲ್ಲಿಸಬೇಕಾಗುತ್ತದೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ರಿವರಾಕ್ಸಬಾನ್, ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್, ಕಸಿ ಮಾಡಿಸಿಕೊಂಡವರ ಟ್ಯಾಕ್ರೋಲಿಮಸ್ ಇದ್ದರೆ ವೈದ್ಯರು ಬೇರೆ ದಾರಿಯನ್ನೇ ನೋಡಬೇಕಾಗಬಹುದು. ಜ್ವರ ಬಂದ ನಾಲ್ಕನೇ ದಿನ ರಾತ್ರಿ ಇದನ್ನೆಲ್ಲ ಹುಡುಕಲು ಕೂತರೆ ಐದನೇ ದಿನ ಕಳೆದೇಹೋಗುತ್ತದೆ.