ಸಹಾಯ ಬೇಕು: ವಿಸ್ತರಣಾ ಸಿಬ್ಬಂದಿಯ ಸುದ್ದಿಪತ್ರಕ್ಕೆ ತಲೆಎಣಿಕೆ ಬಿಟ್ಟು ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ. ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಸಹೋದ್ಯೋಗಿಗಳಿಗಾಗಿ (ಕೃಷಿ ಜ್ಞಾನವನ್ನು ರೈತರಿಗೆ ತಲುಪಿಸುವವರಿಗಾಗಿ) ಒಳಸುದ್ದಿಪತ್ರ ತರುತ್ತೇವೆ. ಬರುವ ವರದಿಗಳೆಲ್ಲ ಒಂದೇ ತೆರ: ತರಬೇತಿ ನಡೆಯಿತು, ಇಷ್ಟು ರೈತರು ಬಂದರು. ಹೊಲದಲ್ಲಿ ಏನು ಬದಲಾಯಿತು ಎಂಬುದು ಎಲ್ಲೂ ಇಲ್ಲ. ನನಗೆ ಅದೇ ಮುಖ್ಯ.

ಅಮೆರಿಕದ ವಿಸ್ತರಣಾ ತಜ್ಞ ಕ್ಲಾಡ್ ಬೆನೆಟ್ 1970ರ ದಶಕದಲ್ಲೇ ವಿಸ್ತರಣಾ ಕೆಲಸದ ಫಲ ಅಳೆಯಲು ಏಳು ಹಂತಗಳ ಮೌಲ್ಯಮಾಪನ ಏಣಿ ಕೊಟ್ಟರು. ಹಾಜರಾತಿ ಅದರಲ್ಲಿ ಮೂರನೆಯ ಮೆಟ್ಟಿಲು ಮಾತ್ರ; ರೈತರ ಬೇಸಾಯ ರೂಢಿಯ ಬದಲಾವಣೆ ಆರನೆಯದು. ಸಮಾಜಶಾಸ್ತ್ರಜ್ಞರಾದ ರಯಾನ್ ಮತ್ತು ಗ್ರಾಸ್ 1943ರಲ್ಲಿ ಪ್ರಕಟಿಸಿದ, ಅಮೆರಿಕದ ಅಯೋವಾದ ರೈತರು ಹೈಬ್ರಿಡ್ ಮೆಕ್ಕೆಜೋಳವನ್ನು ಒಪ್ಪಿಕೊಂಡ ಬಗೆಯ ಅಧ್ಯಯನವೂ ನೆನಪಾಗುತ್ತದೆ. ಹೊಸ ಬೀಜದ ಸುದ್ದಿಯನ್ನು ಹೆಚ್ಚಾಗಿ ಮಾರಾಟಗಾರರು ತಂದರು, ಆದರೆ ಬಿತ್ತುವ ಧೈರ್ಯ ಕೊಟ್ಟವರಲ್ಲಿ ನೆರೆಹೊರೆಯವರೇ ಮುಂದು. ಆ ನೆರೆಯವರ ಮಾತು ನಮ್ಮ ವರದಿಗಳಲ್ಲಿ ದಾಖಲಾಗುವುದೇ ಇಲ್ಲ!

ಕೇಳುವುದಿಷ್ಟು. ತರಬೇತಿಯಾದ ಮುಂದಿನ ಹಂಗಾಮಿನಲ್ಲಿ ರೈತರನ್ನು ಮತ್ತೆ ಮಾತನಾಡಿಸುವವರು ಯಾವ ಪ್ರಶ್ನೆ ಕೇಳುತ್ತೀರಿ? "ಮೊದಲು ಹೇಗಿತ್ತು, ಈಗ ಹೇಗಿದೆ" ಎಂದು ಎರಡನ್ನೂ ಕೊನೆಯಲ್ಲೇ ಕೇಳುವ ವಿಧಾನ ಬಳಸಿದವರ ಅನುಭವ ವಿಶೇಷವಾಗಿ ಬೇಕು. ಮಾದರಿ ಪ್ರಶ್ನಾವಳಿ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ರೈತರು ಸಲಹೆಯನ್ನು ಏಕೆ ಒಪ್ಪಲಿಲ್ಲ ಎಂಬ ಟಿಪ್ಪಣಿಗಳಿದ್ದರೆ ಅವನ್ನೇ ಮೊದಲ ಪುಟಕ್ಕೆ ಹಾಕುವ ಆಸೆ.